ಏಳನೇ ತೂಬಿನ ಚೆನ್ನಿ

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಬಸವೇಶ್ವರನಗರದ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ನಾನು ರಿಸೆಪ್ಷನ್ ನೋಡಿಕೊಳ್ಳುವವಳು. ಕಾಯುವವರಿಗೆಂದು ಅಲ್ಲೊಂದು ಟಿ.ವಿ. ಇದೆ. ಅದರ ರಿಮೋಟು ನನ್ನ ಡ್ರಾಯರಿನಲ್ಲಿರುತ್ತದೆ, ಯಾರ ಕೈಗೂ ಕೊಡುವುದಿಲ್ಲ. ಹಲ್ಲುನೋವಿನವರಿಗೆ ಸೀರಿಯಲ್ಲಿನ ಅಳು ಬೇರೆ ಯಾಕೆ ಎಂದು ನಾನು ಅಡುಗೆ ಕಾರ್ಯಕ್ರಮವನ್ನೇ ಹಾಕಿರುತ್ತೇನೆ. ಅಗಿಯಲಾಗದವರಿಗೆ ಅಡುಗೆ ತೋರಿಸುವುದು ಅದಕ್ಕಿಂತ ದೊಡ್ಡ ಹಿಂಸೆ ಎಂದು ನಮ್ಮ ಡಾಕ್ಟರು ಹೇಳುತ್ತಾರೆ. ಇರಲಿ.

ಆ ಮಧ್ಯಾಹ್ನ ಜಾಹೀರಾತುಗಳ ನಡುವೆ ಒಂದು ಕೆರೆ ಕಾಣಿಸಿತು. ಕೆಳಗೆ ‘ಏಳು ತೂಬಿನ ಕೆರೆ, ಶೀಘ್ರದಲ್ಲೇ ನಿಮ್ಮ ಮನೆಗೆ’ ಎಂಬ ಅಕ್ಷರಗಳು ಬಂದವು. ನಾನು ತಕ್ಷಣ ಚಾನೆಲ್ ಬದಲಾಯಿಸಿದೆ. ಡಾಕ್ಟರಿಗೆ ಸಹಾಯಕಿಯಾಗಿರುವ ಶಕೀಲಾ ಗ್ಲೌಸ್ ಹಾಕಿಕೊಂಡೇ ಒಳಗಿನಿಂದ ಬಂದು, "ವನಜಕ್ಕಾ, ಅದು ನಿಮ್ ಕಥೆ ಅಲ್ವಾ? ಯಾಕೆ ತೆಗೆದ್ರಿ?" ಎಂದು ಕೇಳಿದಳು. ನನ್ನ ಕಥೆ ಆಗಿರುವುದಕ್ಕೇ ತೆಗೆದೆ ಎಂದೆ.

ನನ್ನ ಕಥೆ ಎಂದರೆ ನಾನು ಬರೆದದ್ದಲ್ಲ. ಬರೆದವರು ತೀರಿಕೊಂಡು ಬಹಳ ವರ್ಷಗಳಾದವು. ಆದರೆ ಊಟದ ಹೊತ್ತಿನಲ್ಲಿ ಶಕೀಲಾಗೆ ಆ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಅವಳ ಮಟ್ಟಿಗೆ ಅದು ನನ್ನದೇ.

ನಾನು ಹೈಸ್ಕೂಲಿಗೆ ಹೋಗುವುದಕ್ಕೂ ಮೊದಲಿನ ಮಾತು. ಆಗ ನಾವು ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿದ್ದೆವು. ಒಂದು ಅಂಗಳ, ಒಂದು ನಲ್ಲಿ, ಸುತ್ತ ಮನೆಗಳು. ಗಂಡಸರು ರಾಜಾಜಿನಗರದ ಕಾರ್ಖಾನೆಗಳಿಗೆ ಹೋದ ಮೇಲೆ ಹೆಂಗಸರೆಲ್ಲ ಅಂಗಳದಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಇದ್ದಿಲ ಪುಡಿಗೆ ಅಂಟಿನ ಪುಡಿ ಸೇರಿಸಿ, ನೀರು ಹಾಕಿ ಕಲಸಿ, ಅದನ್ನು ಮಣೆಯ ಮೇಲೆ ಬಿದಿರು ಕಡ್ಡಿಗೆ ಅಂಗೈಯಿಂದ ಉರುಳಿಸಿ ಹಚ್ಚಬೇಕು. ಸ್ಕೂಲಿನಿಂದ ಬಂದ ಮೇಲೆ ನಾನೂ ಅಮ್ಮನ ಪಕ್ಕದಲ್ಲಿ ಕೂರುತ್ತಿದ್ದೆ. ಊದುಬತ್ತಿಗೆ ಪರಿಮಳ ಸೇರಿಸುತ್ತಿದ್ದದ್ದು ಫ್ಯಾಕ್ಟರಿಯಲ್ಲಿ. ನಮ್ಮ ಪಾಲಿಗೆ ಬರುತ್ತಿದ್ದದ್ದು ಮಸಿ ಮಾತ್ರ. ಉಗುರಿನ ಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ ಕೂತ ಆ ಮಸಿ ಎಷ್ಟು ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ.

ವಠಾರಕ್ಕೆಲ್ಲ ಸೇರಿ ಒಂದು ವಾರಪತ್ರಿಕೆ ಬರುತ್ತಿತ್ತು. ಮಸಿ ಕೈಯಲ್ಲಿ ಅದನ್ನು ಮುಟ್ಟುವ ಹಾಗಿರಲಿಲ್ಲ. ಕೈ ಚೆನ್ನಾಗಿರುವವರು ಓದಬೇಕು, ಮಿಕ್ಕವರು ಹೊಸೆಯುತ್ತ ಕೇಳಬೇಕು ಎಂಬುದು ಅಲ್ಲಿನ ಪದ್ಧತಿ. ಕೈ ಚೆನ್ನಾಗಿದ್ದದ್ದು ಪದ್ಮಕ್ಕ ಒಬ್ಬರದೇ. ಅವರಿಗೆ ಉಬ್ಬಸ. ಇದ್ದಿಲ ಪುಡಿ ಮೂಗಿಗೆ ಹೋದರೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದರು. ಹಾಗಾಗಿ ಹೊಸೆಯುವ ಕೆಲಸಕ್ಕೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ್ದರು, ಗಂಟಲು ಚೆನ್ನಾಗಿತ್ತು. ತಮ್ಮ ಮನೆಯ ಮೆಟ್ಟಿಲ ಮೇಲೆ, ಗಾಳಿ ಬರುವ ಕಡೆಗೆ ಮುಖ ಮಾಡಿ ಕೂತು ಅವರು ಓದುತ್ತಿದ್ದರು. ಒಂದು ಕಂತು ಮುಗಿದರೆ ಅಂಗಳದಲ್ಲಿದ್ದವರೆಲ್ಲ "ಆಮೇಲೆ?" ಎನ್ನುವರು. ಪದ್ಮಕ್ಕ ಪತ್ರಿಕೆ ಮಡಚಿ, "ಮುಂದಿನ ವಾರ" ಎಂದು ಒಳಗೆ ಹೋಗುವರು.

‘ಏಳು ತೂಬಿನ ಕೆರೆ’ ಧಾರಾವಾಹಿಯಾಗಿ ಬರುತ್ತಿದ್ದದ್ದು ಆ ಪತ್ರಿಕೆಯಲ್ಲಿಯೇ. ಒಂದು ಊರು ಇಡಿಯಾಗಿ ಕೆರೆಯಲ್ಲಿ ಮುಳುಗಿರುತ್ತದೆ. ಮುಳುಗಿದರೂ ಸತ್ತಿರುವುದಿಲ್ಲ, ನೀರಿನಡಿಯಲ್ಲಿ ದೀಪ ಹಚ್ಚಿಕೊಂಡು ಬದುಕಿರುತ್ತದೆ. ಕೆರೆಯ ಏರಿಯಲ್ಲಿ ಗದ್ದೆಗೆ ನೀರು ಬಿಡಲು ತೂಬುಗಳಿರುತ್ತವಲ್ಲ, ಅಂಥ ಏಳು ತೂಬುಗಳನ್ನು ಒಂದೊಂದಾಗಿ ದಾಟಿ ಹೋದವರಿಗೆ ಆ ಊರು ಸಿಗುತ್ತದೆ. ಹೊನ್ನಾಂಬೆ ಎಂಬ ಹುಡುಗಿ ತನ್ನವರನ್ನು ಮೇಲಕ್ಕೆ ಕರೆತರಲು ಇಳಿದು ಹೋಗುತ್ತಾಳೆ. ಆರು ತೂಬುಗಳನ್ನು ಹೇಗೋ ದಾಟುತ್ತಾಳೆ. ಏಳನೆಯದಕ್ಕೆ ಒಳಗಿನಿಂದ ಅಗುಳಿ ಹಾಕಿರುತ್ತದೆ.

ಆ ಅಗುಳಿ ತೆಗೆಯುವವಳು ಚೆನ್ನಿ. ತೂಬಿನೊಳಗೆ ತುಂಬಿಕೊಂಡ ಹೂಳನ್ನು ಬಳಿದು ಹಾಕುವ ಕೆಲಸದ ಹುಡುಗಿ, ಮೊಣಕೈವರೆಗೂ ಕಪ್ಪು. ಅರಮನೆಯವರು ಅವಳಿಗೆ ಕರಿಕೈ ಚೆನ್ನಿ ಎಂದು ಹೆಸರಿಟ್ಟು ನಗುತ್ತಿರುತ್ತಾರೆ. ಒಂದು ದಿನ ಊರಿನ ದೀಪಗಳೆಲ್ಲ ಆರಿಹೋಗುತ್ತವೆ. ಹೊರಗೆ ಹೊನ್ನಾಂಬೆ ಬಾಗಿಲು ಬಡಿಯುತ್ತಿರುತ್ತಾಳೆ, ಒಳಗೆ ಅಗುಳಿ ಎಲ್ಲಿದೆಯೆಂದು ಒಬ್ಬರಿಗೂ ಕಾಣುವುದಿಲ್ಲ. ಆಗ ಚೆನ್ನಿ ಮುಂದೆ ಬಂದು, "ಕರಿ ಕೈಗೆ ಕತ್ತಲೆಯ ಭಯ ಇಲ್ಲ" ಎಂದು ಹೇಳಿ, ತಡಕಿ, ಅಗುಳಿ ಸರಿಸುತ್ತಾಳೆ.

ನಮ್ಮ ಸ್ಕೂಲಿನಲ್ಲಿ ಸೋಮವಾರ ಪ್ರಾರ್ಥನೆಯಾದ ಮೇಲೆ ಕೈ ಚಾಚಿಸಿ ಉಗುರು ನೋಡುತ್ತಿದ್ದರು. ಟೀಚರು ನನ್ನ ಮುಂದೆ ಬಂದು ನಿಂತರೆ ಸಾಲಿನಲ್ಲಿ ನಗು ಏಳುತ್ತಿತ್ತು. ಕೈ ಕೈ ಹಿಡಿದು ಆಡುವ ಆಟಗಳಿಗೆ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಚೆನ್ನಿ ಅಗುಳಿ ತೆಗೆದ ವಾರ ಕಳೆದು ಬಂದ ಸೋಮವಾರ ನಾನು ಎರಡು ಕೈಗಳನ್ನೂ ಪೂರ್ತಿ ಚಾಚಿ ನಿಂತೆ. ಅವಳ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ನಗುವವರು ನಕ್ಕರು, ಆದರೆ ನನಗೆ ಅದು ಮೊದಲಿನಷ್ಟು ತಾಗಲಿಲ್ಲ. ಹೊನ್ನಾಂಬೆಯ ಸಾಹಸವೆಲ್ಲ ಬೇರೆಯವರಿಗಿರಲಿ, ಆ ಕಥೆಯಲ್ಲಿ ನನ್ನವಳು ಎಂದರೆ ಚೆನ್ನಿ ಒಬ್ಬಳೇ.

ಕಥೆ ಆಮೇಲೆ ಪುಸ್ತಕವಾಗಿಯೂ ಬಂತಂತೆ, ಪ್ರತಿಗಳು ಮುಗಿದೂ ಹೋದವಂತೆ. ನಾನು ಹುಡುಕಲು ಹೋಗಲಿಲ್ಲ. ಬಾಯಿಪಾಠ ಬರುವುದನ್ನು ಓದುವುದೇನು ಬಂತು?

ಇಂಥ ಕಥೆಯನ್ನು ಟಿ.ವಿ.ಯವರು ಕೈಗೆತ್ತಿಕೊಂಡರೆ ಏನಾಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ತಗಡಿನ ಕಿರೀಟ, ಥರ್ಮೋಕೋಲ್ ಬಂಡೆ. ಯಾರಾದರೂ ಒಂದು ಮಾತಾಡಿದರೆ ಉಳಿದವರ ಮುಖವನ್ನೆಲ್ಲ ಒಂದೊಂದಾಗಿ ತೋರಿಸಿ ಪ್ರತಿ ಮುಖಕ್ಕೂ ಒಂದು ಗುಡುಗು. ನೀರಿನಡಿಯ ಊರಿನಲ್ಲೂ ಒಬ್ಬ ಅತ್ತೆ ಇರುತ್ತಾಳೆ, ಸೊಸೆಯ ಪಾಯಸಕ್ಕೆ ಏನನ್ನೋ ಬೆರೆಸುತ್ತಾಳೆ. ಶಕೀಲಾ ಮುಂದೆ ಇದನ್ನೆಲ್ಲ ವಿವರಿಸಿ ಹೇಳಿದೆ. ಅವಳು ಹತ್ತಿ ಉಂಡೆ ಕಟ್ಟುತ್ತ, ನೋಡುವ ಮೊದಲೇ ಹೀಗೆ ಬೈಯುವುದು ಸರಿಯಲ್ಲ ಎಂದಳು. ನೋಡಿದ ಮೇಲೆ ಬೈಯುವುದಕ್ಕೂ ಸ್ವಲ್ಪ ಉಳಿಸಿಕೊಂಡಿದ್ದೇನೆ ಎಂದೆ.

ನವರಾತ್ರಿಯ ಹೊತ್ತಿಗೆ ಉದ್ದನೆಯ ಟ್ರೇಲರ್ ಬಂತು. ಆ ದಿನ ರಿಮೋಟಿನ ಸೆಲ್ ಮುಗಿದಿತ್ತು, ಇಲ್ಲದಿದ್ದರೆ ನಾನು ಅದನ್ನು ನೋಡುತ್ತಲೇ ಇರಲಿಲ್ಲ. ಹೊನ್ನಾಂಬೆ ಏರಿಯ ಮೇಲೆ ನಿಂತಿದ್ದಳು. ಕಿರೀಟವಿಲ್ಲ, ಒಡವೆಯಿಲ್ಲ, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ್ದಳು. ಎರಡು ಕಲ್ಲುಕಂಬಗಳ ನಡುವಿನ ತೂಬಿನಲ್ಲಿ ಅವಳು ಇಳಿದಳು. ನೀರು ತಲೆಯನ್ನು ಮುಚ್ಚಿತು. ಸ್ವಲ್ಪ ಹೊತ್ತು ಏನೂ ಇಲ್ಲ, ಕಪ್ಪೆಗಳ ಸದ್ದು ಮಾತ್ರ. ಆಮೇಲೆ ತುಂಬ ಕೆಳಗೆ ಒಂದು ದೀಪ ಹತ್ತಿಕೊಂಡಿತು. ಪಕ್ಕದಲ್ಲಿ ಇನ್ನೊಂದು. ನೋಡ ನೋಡುತ್ತ ಇಡೀ ಬೀದಿಯೇ ಹತ್ತಿಕೊಂಡಿತು. ಗುಡುಗಿಲ್ಲ, ಕಿರುಚುವ ಸಂಗೀತವಿಲ್ಲ.

ವಠಾರದ ಅಂಗಳದಲ್ಲಿ ನಾನು ಕಂಡಿದ್ದ ಬೀದಿ ಅದೇ. ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ. "ವನಜಕ್ಕಾ, ಕೈ" ಎಂದಳು ಶಕೀಲಾ. ನೋಡಿಕೊಂಡರೆ ನನ್ನ ಅಂಗೈ ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳುತ್ತಿತ್ತು, ಕಡ್ಡಿ ಹೊಸೆಯುವ ಹಾಗೆ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಫೋನಿನಲ್ಲಿ ಆ ಟ್ರೇಲರ್ ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ. ಅನ್ನ ತಳ ಹಿಡಿಸಿದೆ. ಮನೆಯವರು ಇದೇನು ಈ ವಯಸ್ಸಿಗೆ ಎಂದರು. ಅವರು ಕ್ರಿಕೆಟ್ ಹುಚ್ಚಿನಲ್ಲಿ ಹಾಲು ಉಕ್ಕಿಸಿದ ದಿನಗಳನ್ನು ನೆನಪಿಸಿದೆ. ಆದರೆ ನೋಡುತ್ತ ನೋಡುತ್ತ ಒಂದು ವಿಷಯ ಕೊರೆಯತೊಡಗಿತು. ಟ್ರೇಲರಿನಲ್ಲಿ ರಾಜ, ಮಂತ್ರಿ, ಅಂಬಿಗ, ಮೀನಿನ ಕಣ್ಣಿನ ಕಾವಲುಗಾರ, ಎಲ್ಲರೂ ಇದ್ದರು. ಚೆನ್ನಿ ಇರಲಿಲ್ಲ. ದೊಡ್ಡವರ ನಡುವೆ ಕೆಲಸದ ಹುಡುಗಿ ಯಾಕೆ ಎಂದು ತೆಗೆದುಹಾಕಿರುತ್ತಾರೆ ಎಂದು ನನಗೆ ಗಾಬರಿಯಾಯಿತು. ಉಳಿದದ್ದೆಲ್ಲ ಎಷ್ಟು ಚೆನ್ನಾಗಿ ಮಾಡಿದ್ದಾರೋ ಗಾಬರಿಯೂ ಅಷ್ಟೇ ಹೆಚ್ಚಿತು. ಕೆಟ್ಟದಾಗಿ ಮಾಡಿದ್ದರೆ ನನಗೇನೂ ಆಗುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಸೀರಿಯಲ್ಲಿನ ಚಿತ್ರಕಥೆ ಬರೆದ ಹುಡುಗಿಯ ಜೊತೆ ಮಾತುಕತೆ ಇಟ್ಟುಕೊಂಡಿದ್ದರು. ಶಕೀಲಾಳನ್ನು ಕರೆದುಕೊಂಡು ಹೋದೆ. ಹುಡುಗಿಯ ಹೆಸರು ಸ್ಫೂರ್ತಿ. ಸಣ್ಣ ವಯಸ್ಸು, ದೊಡ್ಡ ಕನ್ನಡಕ, ಪ್ರಶ್ನೆ ಕೇಳಿದವರಿಗೆಲ್ಲ ಎದ್ದು ನಿಂತೇ ಉತ್ತರ ಕೊಡುತ್ತಿದ್ದಳು. ನನ್ನ ಸರದಿ ಬಂದಾಗ ನಾನೂ ಎದ್ದೆ. ಮೊದಲು ಹೊಗಳಿದೆ. ಆಮೇಲೆ, ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿದವರು ಕರಿಕೈ ಚೆನ್ನಿಯನ್ನು ಯಾಕೆ ಕೈಬಿಟ್ಟಿರಿ, ಮಸಿ ಕೈಯವರು ಪರದೆಯ ಮೇಲೆ ಬರಬಾರದೇ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಸ್ಫೂರ್ತಿ ಕನ್ನಡಕ ಸರಿಮಾಡಿಕೊಂಡು, ಯಾವ ಚೆನ್ನಿ ಎಂದು ಕೇಳಿದಳು. ಏಳನೇ ತೂಬಿನ ಅಗುಳಿ ತೆಗೆಯುವವಳು ಎಂದೆ.

"ಮೇಡಂ, ಆ ಅಗುಳೀನ ಹೊನ್ನಾಂಬೆನೇ ತೆಗೀತಾಳೆ. ತಲೆಕೂದಲಿನ ಎಳೆ ಸಂದಿಯಲ್ಲಿ ಬಿಟ್ಟು ಎಳೀತಾಳೆ. ಚೆನ್ನಿ ಅನ್ನೋ ಹೆಸರೇ ಪುಸ್ತಕದಲ್ಲಿಲ್ಲ."

ಪುಸ್ತಕ ಮಾಡುವಾಗ ಕತ್ತರಿಸಿರಬೇಕು, ವಾರಪತ್ರಿಕೆಯಲ್ಲಿ ಇತ್ತು ಎಂದು ನಾನು ಬಿಡಲಿಲ್ಲ. ಅವಳು ತುಂಬ ಮೆತ್ತಗೆ, ವಾರಪತ್ರಿಕೆಯಲ್ಲಿ ಬಂದ ಕಂತುಗಳನ್ನೂ ತಾನು ಪೂರ್ತಿ ಓದಿರುವುದಾಗಿ ಹೇಳಿದಳು. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ, "ಬೇರೆ ಯಾವ್ದೋ ಕಥೆ ಇರ್ಬೇಕಮ್ಮ, ವಯಸ್ಸಾದ್ಮೇಲೆ ಹಿಂಗೆ ಕಲಸಿಕೊಳ್ಳತ್ತೆ" ಎಂದರು. ಅವರು ನನಗಿಂತ ದೊಡ್ಡವರು. ಎಲ್ಲರೂ ನಕ್ಕರು. ಸೋಮವಾರದ ಸಾಲಿನಲ್ಲಿ ಏಳುತ್ತಿದ್ದ ಅದೇ ನಗು. ಆದರೆ ಈ ಸಲ ಮನಸ್ಸಿನಲ್ಲಿ ಹೇಳಿಕೊಳ್ಳಲು ನನ್ನ ಬಳಿ ಮಾತೇ ಇರಲಿಲ್ಲ.

ಬಾಗಿಲ ಬಳಿ ಮೇಜಿನ ಮೇಲೆ ಪುಸ್ತಕದ ಹೊಸ ಮುದ್ರಣ ಮಾರುತ್ತಿದ್ದರು. ನಟಿಯ ಫೋಟೋ ಇರುವ ಮುಖಪುಟ. ಅಂಥದ್ದನ್ನು ಸಾಯುವವರೆಗೂ ಕೊಳ್ಳುವುದಿಲ್ಲ ಎಂದುಕೊಂಡಿದ್ದವಳು ಕೊಂಡೆ. ಆ ವಾರ ಕ್ಲಿನಿಕ್‌ನಲ್ಲಿ ಊಟದ ಹೊತ್ತಿನಲ್ಲೆಲ್ಲ ಅದನ್ನೇ ಓದಿದೆ. ಆ ಹುಡುಗಿ ಹೇಳಿದ್ದು ನಿಜ. ಹೊನ್ನಾಂಬೆಯಿದ್ದಳು, ದೀಪದ ಬೀದಿಯಿತ್ತು, ಏಳೂ ತೂಬುಗಳಿದ್ದವು. ಚೆನ್ನಿ ಎಲ್ಲೂ ಇರಲಿಲ್ಲ. ಅವಳಿಗೆ ಜಾಗ ಬಿಟ್ಟಿದ್ದಾರೆ ಎನ್ನುವ ಹಾಗೂ ಇರಲಿಲ್ಲ, ಕಥೆ ಅವಳಿಲ್ಲದೆಯೇ ಆರಾಮವಾಗಿ ನಡೆದುಹೋಗಿತ್ತು. ನನಗೆ ಅಳು ಬಂತು. ಊಟದ ಡಬ್ಬಿ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ನಾನು ಚೆನ್ನಿಯನ್ನು ಕನಸಿನಲ್ಲಿ ಕಂಡಿದ್ದೆನೇ? ಮಸಿ ಕೈಯ ಹುಡುಗಿಯೊಬ್ಬಳು ತನ್ನ ಸಮಾಧಾನಕ್ಕೆ ತಾನೇ ಕಟ್ಟಿಕೊಂಡದ್ದೇ? ಅಷ್ಟು ವರ್ಷ ನಂಬಿದ ಮೇಲೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಅಮ್ಮ ಇದ್ದಿದ್ದರೆ ಕೇಳುತ್ತಿದ್ದೆ, ಅವರು ಹೋಗಿ ಬಹಳ ಕಾಲವಾಯಿತು. ಸೀರಿಯಲ್ ನೋಡುವುದೇ ಬೇಡ ಎಂದು ತೀರ್ಮಾನಿಸಿದೆ. ಎರಡು ದಿನ ಕಳೆದ ಮೇಲೆ ಶಕೀಲಾ, "ಓದಿ ಹೇಳಿದ್ರಲ್ಲ, ಅವರನ್ನೇ ಒಂದ್ ಮಾತು ಕೇಳಬಾರದಾ?" ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ.

ಪದ್ಮಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಯಾವುದೋ ಮದುವೆಯಲ್ಲಿ. ಹಳೆಯ ವಠಾರದವರನ್ನು ವಿಚಾರಿಸಿದಾಗ ಕೆಂಗೇರಿಯಲ್ಲಿ ಮಗಳು ಉಷಾ ಮನೆಯಲ್ಲಿದ್ದಾರೆಂದು ತಿಳಿಯಿತು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಹೋದೆ. ದಾರಿಯುದ್ದಕ್ಕೂ ನನಗೆ ಒಂದೇ ಭಯ. ಅವರಿಗೂ ನೆನಪಿಲ್ಲ ಎಂದುಬಿಟ್ಟರೆ ಚೆನ್ನಿ ಅಲ್ಲಿಗೆ ಮುಗಿದ ಹಾಗೆ.

ಪದ್ಮಕ್ಕ ಸಣ್ಣಗಾಗಿದ್ದರು, ಗಂಟಲು ಮಾತ್ರ ಹಾಗೇ ಇತ್ತು. ಗುರುತು ಹಿಡಿದು, ಕೆನ್ನೆ ಸವರಿ, ಅಮ್ಮನ ಹಾಗೇ ಆಗಿದ್ದೀಯ ಎಂದರು. ಉಷಾ ಕಾಫಿ ತಂದಳು. ಸೀರಿಯಲ್ ಬರಲಿರುವುದು ಅವರಿಗೂ ಗೊತ್ತಿತ್ತು, ಆ ಬಗ್ಗೆ ಸಂಭ್ರಮದಿಂದಲೇ ಮಾತಾಡಿದರು. ನಾನು ಕಾಫಿ ಮುಗಿಸಿ, ಧೈರ್ಯ ಮಾಡಿ, ಚೆನ್ನಿ ನೆನಪಿದ್ದಾಳಾ ಎಂದು ಕೇಳಿದೆ.

"ಯಾವ ಚೆನ್ನಿ?"

ಕರಿಕೈ ಚೆನ್ನಿ, ಏಳನೇ ತೂಬು ಎಂದೆ. ಪದ್ಮಕ್ಕ ಕಿಟಕಿಯ ಕಡೆ ನೋಡುತ್ತ ಕೂತರು. ಆಮೇಲೆ ನಗತೊಡಗಿದರು. ನಗು ಕೆಮ್ಮಾಯಿತು, ಉಷಾ ಓಡಿ ಬಂದು ಇನ್ಹೇಲರ್ ಕೊಟ್ಟಳು. ಉಸಿರು ಸರಿಹೋದ ಮೇಲೆ ಕಣ್ಣೊರೆಸಿಕೊಂಡು ಅವರು ಹೇಳಿದರು.

"ಅಯ್ಯೋ, ಅವಳು ಇನ್ನೂ ಇದಾಳಾ? ಅವಳನ್ನ ನಾನೇ ಸೇರಿಸಿದ್ದು ಕಣೇ."

ನನಗೆ ನಗು ಬರಲಿಲ್ಲ. ಮೊದಲು ಬಂದದ್ದು ಸಿಟ್ಟು. ಊರ ಮುಂದೆ ಎದ್ದು ನಿಂತು ನಗೆಪಾಟಲಾದದ್ದು ನಾನು ತಾನೆ? ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. ಧ್ವನಿ ಸ್ವಲ್ಪ ಗಡುಸಾಗಿಯೇ ಇತ್ತು ಅನ್ನಿಸುತ್ತದೆ.

ಪದ್ಮಕ್ಕ ನಿಧಾನವಾಗಿ ಹೇಳಿದರು. ಆ ದಿನ ಪತ್ರಿಕೆ ಹಿಡಿದು ಮೆಟ್ಟಿಲಿಗೆ ಬಂದಾಗ ನಾನು ನಲ್ಲಿಯ ಹತ್ತಿರ ಕೂತಿದ್ದೆನಂತೆ. ಇಟ್ಟಿಗೆ ಪುಡಿ ಹಾಕಿಕೊಂಡು ಅಂಗೈಯನ್ನು ಕಲ್ಲಿಗೆ ಉಜ್ಜುತ್ತಿದ್ದೆನಂತೆ. ಮಸಿ ಹೋಗಿರಲಿಲ್ಲ, ಚರ್ಮ ಕಿತ್ತು ರಕ್ತ ಬಂದಿತ್ತಂತೆ. ಅಮ್ಮ ಬೈದು, ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡರಂತೆ. ಇದೆಲ್ಲ ನನಗೆ ಒಂದಿಷ್ಟೂ ನೆನಪಿಲ್ಲ.

"ಓದ್ತಾ ಓದ್ತಾ ನಿನ್ನ ಕೈ ಕಾಣಿಸ್ತಾ ಇತ್ತು. ಹೊನ್ನಾಂಬೆ ಬಾಗಿಲು ಬಡೀತಾ ಇದ್ಲು. ಬಾಯಿಗೆ ಬಂದ್ಬಿಡ್ತು."

ಬಂದದ್ದೇನೋ ಬಂತು, ಅಲ್ಲಿಂದ ಅವರ ಕಷ್ಟ ಶುರುವಾಯಿತಂತೆ. ಮುಂದಿನ ವಾರ ಪತ್ರಿಕೆ ತೆರೆಯುವ ಮೊದಲೇ ಹೆಂಗಸರೆಲ್ಲ, ಚೆನ್ನಿಗೆ ಅರಮನೆಯವರು ಏನು ಕೊಟ್ಟರು, ಅವಳ ಮದುವೆಯಾಯಿತೇ ಎಂದು ಕೇಳಿದರಂತೆ. ಬರೆದವರು ಒಂದು ಕಡೆ ಕಥೆ ಎಳೆಯುತ್ತಿದ್ದರೆ ಇವರು ಇನ್ನೊಂದು ಕಡೆ ಚೆನ್ನಿಗೆ ಜಾಗ ಹುಡುಕಬೇಕು. ಓದುವುದಕ್ಕೆ ಮುಂಚೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಈ ವಾರ ಅವಳನ್ನು ಎಲ್ಲಿ ನಿಲ್ಲಿಸಲಿ ಎಂದು ಯೋಚಿಸುತ್ತಿದ್ದರಂತೆ. ಕೊನೆಗೆ ಊರು ಮೇಲೆ ಬಂದಾಗ ಅವಳನ್ನು ಏನು ಮಾಡುವುದೆಂದು ತೋಚದೆ ತೂಬಿನ ಕಾವಲಿಗೆ ಬಿಟ್ಟರಂತೆ. ಹೌದು, ಚೆನ್ನಿ ಅಲ್ಲೇ ಉಳಿಯುತ್ತಾಳೆ. ಅದು ಎಂಥ ಗಂಭೀರವಾದ ಮುಕ್ತಾಯ ಎಂದು ನಾನು ಶಕೀಲಾಗೆ ಎಷ್ಟೋ ಸಲ ಹೇಳಿದ್ದೆ.

ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದೆ.

"ನಿಮ್ಮಮ್ಮಂಗೆ ಗೊತ್ತಿತ್ತು. ಅವತ್ತು ಸಂಜೆ ಬಂದು, ಪದ್ಮಾ, ಕಥೇಲಿ ಆ ಹುಡುಗಿ ಬಂದಾಗ ನೀನು ಪೇಪರ್ ನೋಡ್ತಾನೇ ಇರ್ಲಿಲ್ಲ ಅಂದ್ರು. ನಾನು ಹೆದರಿದೆ. ನಿಲ್ಲಿಸ್ಬೇಡ ಅಂದು ಹೊರಟೋದ್ರು."

ಅಮ್ಮನಿಗೆ ಓದು ಬರುತ್ತಿರಲಿಲ್ಲ. ನನ್ನ ಕೈ ತೊಳೆಯುವಾಗ ಒಂದು ದಿನವೂ ಒಳ್ಳೆಯ ಮಾತಾಡಿದವರಲ್ಲ, ಉಜ್ಜು ಉಜ್ಜು ಎಂದು ಗದರುತ್ತಿದ್ದರು. ಅವರು ಹೀಗೆ ಹೇಳಿ ಹೋಗಿದ್ದರೆಂದು ಕೇಳಿದ ಮೇಲೆ ಪದ್ಮಕ್ಕನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ವಾಪಸ್ಸು ಬರುವಾಗ ಮೆಟ್ರೋದಲ್ಲಿ ಕೂರಲು ಜಾಗವಿದ್ದರೂ ಬಾಗಿಲ ಹತ್ತಿರ ನಿಂತೇ ಬಂದೆ.

ಸೀರಿಯಲ್ ಶುರುವಾಯಿತು, ಶನಿವಾರ ಶನಿವಾರ ಸಂಜೆ. ತಪ್ಪು ಹುಡುಕಲು ಕೂತವಳಿಗೆ ತಪ್ಪುಗಳೂ ಸಿಕ್ಕವು. ಅಂಬಿಗನ ಗಡ್ಡ ಒಂದು ಕಡೆ ಅಂಟು ಬಿಟ್ಟಿತ್ತು, ಮಂತ್ರಿ ಮಂಡ್ಯದವರ ಹಾಗೆ ಮಾತು ಶುರುಮಾಡಿ ಪೇಪರಿನ ಕನ್ನಡದಲ್ಲಿ ಮುಗಿಸುತ್ತಿದ್ದ. ಆದರೂ ಮೊದಲ ತೂಬು ತೆರೆದುಕೊಂಡಾಗ ನಾನು ಕಾಫಿ ಲೋಟ ಹಿಡಿದು ಕೂತಲ್ಲೇ ಕೂತಿದ್ದೆ, ಕಾಫಿ ತಣ್ಣಗಾದದ್ದೂ ತಿಳಿಯಲಿಲ್ಲ. ಸೋಮವಾರ ಕ್ಲಿನಿಕ್‌ಗೆ ಬಂದವರಿಗೆಲ್ಲ ನೋಡಿದಿರಾ ಎಂದು ಕೇಳಿದೆ. ಅಡುಗೆ ಕಾರ್ಯಕ್ರಮ ಹೋಗಿ ಮಧ್ಯಾಹ್ನದ ಮರುಪ್ರಸಾರ ಬಂತು. ಬಾಯಿ ತೆರೆದುಕೊಂಡು ಕೂತ ರೋಗಿಯನ್ನು ಬಿಟ್ಟು ನಮ್ಮ ಡಾಕ್ಟರೇ ಒಂದು ಸಲ ಹೊರಗೆ ಬಂದು ನಿಂತು ನೋಡಿ 'ಏನಾಯ್ತು?' ಎಂದರು.

ಆದರೆ ತೂಬುಗಳು ಮುಗಿಯುತ್ತ ಬಂದ ಹಾಗೆ ನನಗೆ ಒಳಗೊಳಗೇ ಸಂಕಟ. ಏಳನೆಯದು ಬಂದೇ ಬರುತ್ತದೆ, ಅಲ್ಲಿ ಕೂದಲಿನ ಎಳೆ ಇರುತ್ತದೆ, ಚೆನ್ನಿ ಇರುವುದಿಲ್ಲ. ಎಲ್ಲ ಗೊತ್ತಾದ ಮೇಲೂ ಅದನ್ನು ಕಣ್ಣಾರೆ ನೋಡುವುದು ನನ್ನಿಂದಾಗದು ಎನ್ನಿಸಿತು. ಸಂಕ್ರಾಂತಿ ಹತ್ತಿರವಿತ್ತು. ಆ ಶುಕ್ರವಾರ ಪದ್ಮಕ್ಕನೇ ಫೋನ್ ಮಾಡಿ, ಒಳ್ಳೇ ಸೊಗಡಿನ ಅವರೆಕಾಯಿ ಬಂದಿದೆ, ನಾಳೆ ಸಂಜೆ ಹಿತಕವರೆ ಸಾರು, ಬಾ ಎಂದರು. ಸೀರಿಯಲ್ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಶನಿವಾರ ನಾನು ಹೋದಾಗ ಪದ್ಮಕ್ಕ ಟಿ.ವಿ. ಮುಂದೆ ಚಾಪೆ ಹಾಸಿಕೊಂಡು, ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಕೂತಿದ್ದರು. ಉಷಾಳೂ ಅವಳ ಗಂಡನೂ ಆ ಕಡೆ ಈ ಕಡೆ ಕೂತು ಕಾಳು ಹಿತುಕುತ್ತಿದ್ದರು. ಮೂವರ ಕೈಯೂ ಒದ್ದೆ, ಬೆರಳುಗಳಿಗೆಲ್ಲ ಸಿಪ್ಪೆ. ನಾನೂ ಕೈ ಹಾಕಲು ಹೋದರೆ ಪದ್ಮಕ್ಕ ಬೇಡವೆಂದು ತಡೆದರು. ಅಷ್ಟರಲ್ಲಿ ಸೀರಿಯಲ್ ಶುರುವಾಯಿತು. ಹೊನ್ನಾಂಬೆ ಆರನೇ ತೂಬು ದಾಟಿ, ಕತ್ತಲಲ್ಲಿ ಈಜಿ, ಏಳನೆಯದರ ಮುಂದೆ ಬಂದು ನಿಂತಳು. ನೀರಿನಡಿಯ ದೀಪಗಳು ಒಂದೊಂದಾಗಿ ಆರಿದವು. ಅವಳು ಬಾಗಿಲು ಬಡಿದಳು.

ಪದ್ಮಕ್ಕ ಉಷಾಗೆ ಸೌಂಡ್ ತೆಗೆಯಲು ಹೇಳಿದರು. ಅವಳು ಮೊಣಕೈಯಿಂದ ರಿಮೋಟ್ ಒತ್ತಿದಳು. ಮನೆ ನಿಶ್ಶಬ್ದವಾಯಿತು. ಪದ್ಮಕ್ಕ ನನ್ನ ಕಡೆ ತಿರುಗಿ, "ಹೂಂ, ಓದು" ಎಂದರು.

ಅವಳು ನಿಮ್ಮವಳು, ನೀವೇ ಹೇಳಬೇಕು ಎಂದೆ. ಪದ್ಮಕ್ಕ ಅವರೆಕಾಳಿನ ನೀರು ತೊಟ್ಟಿಕ್ಕುತ್ತಿದ್ದ ಎರಡೂ ಕೈಗಳನ್ನು ಎತ್ತಿ ತೋರಿಸಿದರು.

"ನನ್ನ ಕೈ ನೋಡು. ಕೈ ಚೆನ್ನಾಗಿರೋರು ತಾನೇ ಓದ್ಬೇಕು?"

ನಾನು ನನ್ನ ಕೈ ನೋಡಿಕೊಂಡೆ. ಕ್ಲಿನಿಕ್‌ನಲ್ಲಿ ದಿನಕ್ಕೆ ಎಷ್ಟೋ ಸಲ ತೊಳೆಯುವ ಕೈ. ಮಸಿಯ ಗುರುತೂ ಇಲ್ಲ. ವಠಾರದಲ್ಲಿ ಒಂದು ದಿನವೂ ನನ್ನ ಸರದಿ ಬಂದಿರಲಿಲ್ಲ. ಶುರುಮಾಡಿದೆ. ಬಾಗಿಲ ಆ ಕಡೆ ಒಬ್ಬಳು ಹುಡುಗಿ ಇದ್ದಾಳೆ, ತೂಬಿನ ಹೂಳು ಬಳಿಯುವವಳು, ಮೊಣಕೈವರೆಗೂ ಕಪ್ಪು ಎಂದೆ. ಪರದೆಯ ಮೇಲೆ ಹೊನ್ನಾಂಬೆ ತಲೆಗೂದಲಿಗೆ ಕೈ ಹಾಕಿದ್ದಳು. ಉಷಾಳ ಗಂಡ ಕಾಳು ಹಿತುಕುವುದನ್ನು ನಿಲ್ಲಿಸಿದ್ದ. ನಾನು ಚೆನ್ನಿಯ ಮಾತಿಗೆ ಬಂದೆ. ಚಿಕ್ಕಂದಿನಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದನ್ನು, ಶಕೀಲಾಗೂ ಹೇಳದೆ ಉಳಿಸಿಕೊಂಡಿದ್ದನ್ನು, ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ಕರಿ ಕೈಗೆ ಕತ್ತಲೆಯ ಭಯ ಇಲ್ಲ."

ಪರದೆಯ ಮೇಲೆ ಅಗುಳಿ ಸರಿಯಿತು. ಬಾಗಿಲು ತೆರೆಯಿತು. ಕೂದಲಿನ ಎಳೆಯಿಂದ ಅದು ಸರಿಯಿತು ಎಂದು ಆ ಮನೆಯಲ್ಲಿ ಯಾರೂ ನಂಬುವ ಹಾಗಿರಲಿಲ್ಲ. ಪದ್ಮಕ್ಕ ಒದ್ದೆ ಕೈಯನ್ನು ಪಾತ್ರೆಯ ಮೇಲೆ ಹಿಡಿದುಕೊಂಡೇ, ತಾವು ಕಟ್ಟಿದ ಕಥೆಯನ್ನು ಮೊದಲ ಸಲ ಕೇಳುತ್ತಿರುವವರ ಹಾಗೆ, "ಆಮೇಲೆ?" ಎಂದರು.

"ಮುಂದಿನ ವಾರ" ಎಂದೆ.

ಹಾಗೆ ಹೇಳಿ ಸಿಕ್ಕಿಬಿದ್ದೆ. ಸೀರಿಯಲ್ ಇನ್ನೂ ನಡೆಯುತ್ತಿದೆ, ಬೇಗ ಮುಗಿಯುವ ಲಕ್ಷಣವಿಲ್ಲ. ಶನಿವಾರ ಕೆಂಗೇರಿಯಲ್ಲಿ ಪದ್ಮಕ್ಕ ಕಾದಿರುತ್ತಾರೆ, ಸೋಮವಾರ ಕ್ಲಿನಿಕ್‌ನಲ್ಲಿ ಶಕೀಲಾ. ಇಬ್ಬರದೂ ಅದೇ ಪ್ರಶ್ನೆ. ಹಾಗಾಗಿ ಶುಕ್ರವಾರ ಬಂತೆಂದರೆ ನನಗೆ ಬೇರೆ ಕೆಲಸ ಓಡುವುದಿಲ್ಲ. ಅಪಾಯಿಂಟ್‌ಮೆಂಟ್ ಕೇಳಿ ಫೋನ್ ಮಾಡಿದವರಿಗೆ ಹೂಂ ಹೂಂ ಎನ್ನುತ್ತ, ಈ ವಾರ ಚೆನ್ನಿಯನ್ನು ಎಲ್ಲಿ ನಿಲ್ಲಿಸಲಿ ಎಂದು ಯೋಚಿಸುತ್ತ ಕೂತಿರುತ್ತೇನೆ.